ಸದ್ದು ಇದೆ, ಸ್ಟೇಷನ್ ಇಲ್ಲ: ವಾಲ್ವ್ ರೇಡಿಯೋದ ಆಸಿಲೇಟರ್ ಸರಿಮಾಡುವುದು

ಸೆಟ್ ಆನ್ ಮಾಡಿದರೆ ಡಯಲ್ ಲೈಟ್ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುವ ಸದ್ದು ಬರುತ್ತದೆ. ಗ್ರಾಮಫೋನ್ ಜೋಡಿಸುವ ಗ್ರಾಂ ಸಾಕೆಟ್ಟಿಗೆ ಮೊಬೈಲಿನ ಹಾಡು ಕೊಟ್ಟರೆ ಚೆನ್ನಾಗಿ ಹಾಡುತ್ತದೆ. ಆದರೆ ಮುಳ್ಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿದರೂ ಒಂದು ಸ್ಟೇಷನ್ ಸಿಗುವುದಿಲ್ಲ. ಇಂಥ ಸೆಟ್ ಬಂದರೆ ನನ್ನ ಮೊದಲ ಅನುಮಾನ ಆಸಿಲೇಟರ್ ಮೇಲೆ, ಅಂದರೆ ಸ್ಟೇಷನ್ ಹಿಡಿಯಲು ಸೆಟ್ಟಿನೊಳಗೇ ಕಂಪನ ಹುಟ್ಟಿಸುವ ಭಾಗದ ಮೇಲೆ.

ನಾನು ಶಿವಮೊಗ್ಗದಲ್ಲಿ ಹಳೇ ವಾಲ್ವ್ ಸೆಟ್‌ಗಳ, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ವಾಲ್ವ್‌ಗಳಿರುವ ರೇಡಿಯೋಗಳ ಕೆಲಸ ಮಾಡುತ್ತೇನೆ. ಕಲಿತದ್ದು ಸಾಗರದಲ್ಲಿ, ಸೋದರಮಾವನ ಅಂಗಡಿಯಲ್ಲಿ. ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಮಲೆನಾಡಿನ ತೋಟದ ಮನೆಗಳ ಸೆಟ್‌ಗಳು. ವರ್ಷಗಟ್ಟಲೆ ಮಳೆಗಾಲದ ಥಂಡಿ ಕುಡಿದು ಬಂದಂಥವು. ಥಂಡಿಗೆ ಬೇಗ ಕೆಡುವುದು ತೆಳು ತಂತಿ ಸುತ್ತಿದ ಕಾಯಿಲ್, ಅದಕ್ಕೇ ಇಲ್ಲಿ ಅದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಶುರು ಮಾಡುವ ಮೊದಲೇ ಒಂದು ಮಾತು. ಐಎಫ್ (ಇಂಟರ್ಮೀಡಿಯೇಟ್ ಫ್ರೀಕ್ವೆನ್ಸಿ) ಡಬ್ಬಿಗಳ ಮೇಲಿನ ಸ್ಕ್ರೂ, ಟ್ರಿಮ್ಮರ್ ಅನ್ನುವ ಸಣ್ಣ ಹೊಂದಿಸುವ ಕಂಡೆನ್ಸರ್, ಕಾಯಿಲಿನೊಳಗಿನ ಕೋರ್ ಯಾವುದನ್ನೂ ತಿರುಗಿಸಬೇಡಿ. ಇಡೀ ಬ್ಯಾಂಡ್ ಸತ್ತಿದ್ದರೆ ಅದಕ್ಕೆ ಈ ಸ್ಕ್ರೂಗಳು ಕಾರಣ ಆಗುವುದು ತೀರಾ ಅಪರೂಪ. ಯಾರೋ ಎಲ್ಲವನ್ನೂ ತಿರುಗಿಸಿಟ್ಟ ಸೆಟ್ ಬಂದರೆ ಒಂದು ಕೆಲಸದ ಜಾಗದಲ್ಲಿ ಎರಡು ಕೆಲಸ ಆಗುತ್ತದೆ.

ಆಸಿಲೇಟರ್ ಮಾಡುವುದು ಏನು? ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್‌ನಲ್ಲಿದೆ. ಸೆಟ್ಟಿನ ಐಎಫ್ 455 ಅಂದುಕೊಳ್ಳಿ. ಮುಳ್ಳು 675ರಲ್ಲಿ ಇದ್ದಾಗ ಆಸಿಲೇಟರ್ 1130 ಕಿಲೋಹರ್ಟ್ಸ್ ಹುಟ್ಟಿಸಬೇಕು. ಎರಡೂ ಮಿಕ್ಸರಿನಲ್ಲಿ ಸೇರಿ, ವ್ಯತ್ಯಾಸವಾದ 455 ಮುಂದೆ ಹೋಗುತ್ತದೆ. ಬೆಂಗಳೂರಿನವರಿಗೆ 612 ಕೇಳಬೇಕಾದರೆ 1067, ಧಾರವಾಡದ 765ಕ್ಕೆ 1220. ಕೆಲವು ಸೆಟ್‌ಗಳ ಐಎಫ್ 452 ಅಥವಾ 470 ಇರುತ್ತದೆ. ಹಿಂಬದಿಯ ಚೀಟಿಯಲ್ಲೋ ಸರ್ಕ್ಯೂಟ್ ಹಾಳೆಯಲ್ಲೋ ನೋಡಿಕೊಳ್ಳಿ. ಆಸಿಲೇಟರ್ ನಿಂತರೆ 455 ಹುಟ್ಟುವುದೇ ಇಲ್ಲ. ಆಮೇಲೆ ಮುಂದಿನ ಎಲ್ಲ ವಾಲ್ವ್‌ಗಳೂ ಸುಮ್ನೆ ಬಿಸಿಯಾಗುತ್ತಾ ಕೂತಿರುತ್ತವೆ.

ಇದನ್ನು ಸೆಟ್ ಬಿಚ್ಚದೆಯೇ ಪರೀಕ್ಷೆ ಮಾಡಬಹುದು. ಮೀಡಿಯಂ ವೇವ್ ಇರುವ ಒಂದು ಸಣ್ಣ ಟ್ರಾನ್ಸಿಸ್ಟರ್ ರೇಡಿಯೋ ತನ್ನಿ. ಡಿಜಿಟಲ್ ಅಂಕಿ ಬರುವಂಥದ್ದಾದರೆ ಇನ್ನೂ ಒಳ್ಳೆಯದು. ಅದನ್ನು 1130ಕ್ಕೆ ಇಟ್ಟು, ಬರೀ ಸುಸ್ ಅನ್ನುವ ಸದ್ದು ಕೇಳುವ ಹಾಗೆ ಮಾಡಿ, ವಾಲ್ವ್ ಸೆಟ್ಟಿನ ಪಕ್ಕ ಗೇಣು ದೂರದಲ್ಲಿಡಿ. ಈಗ ವಾಲ್ವ್ ಸೆಟ್ಟಿನ ಮುಳ್ಳನ್ನು 675ರ ಆಚೆ ಈಚೆ ನಿಧಾನಕ್ಕೆ ಆಡಿಸಿ. ಆಸಿಲೇಟರ್ ಜೀವಂತ ಇದ್ದರೆ ಒಂದು ಜಾಗದಲ್ಲಿ ಸಣ್ಣ ರೇಡಿಯೋದ ಸುಸ್ ಗಪ್ಪನೆ ನಿಲ್ಲುತ್ತದೆ. ಅಲ್ಲಿ ಯಾವುದಾದರೂ ಸ್ಟೇಷನ್ ಇದ್ದರೆ ಸಿಳ್ಳೆ ಕೇಳುತ್ತದೆ. ಏನೂ ಆಗದಿದ್ದರೆ ಆಸಿಲೇಟರ್ ನಿಂತಿದೆ. ಗಪ್ ಆಗುವ ಜಾಗ 675ರ ಬದಲು 600ರಲ್ಲೋ 800ರಲ್ಲೋ ಬಂದರೆ ಆಸಿಲೇಟರ್ ಓಡುತ್ತಿದೆ, ಆದರೆ ಜಾಗ ತಪ್ಪಿದೆ ಅಂತ ಅರ್ಥ. ಆಗ ಪ್ಯಾಡರ್ ಮೇಲೆ ಕಣ್ಣಿಡಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಇನ್ನು ಬಿಚ್ಚಬೇಕು. ಸುರಕ್ಷತೆ ವಿಷಯದಲ್ಲಿ ಉದಾಸೀನ ಬೇಡ. ಚಾಸಿಯ (ಭಾಗಗಳನ್ನು ಕೂರಿಸಿದ ಲೋಹದ ತಟ್ಟೆಯ) ಕೆಳಗೆ 250 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನಲ್ಲಿ ಅದು ಉಳಿದಿರಬಹುದು. 10ಕೆ (ಕೆ ಅಂದರೆ ಕಿಲೋಓಮ್), 5 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿಟ್ಟುಕೊಂಡು ಅದರಲ್ಲೇ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಕೈ ಹಾಕಿ. ವಾಲ್ವಿನ ಹೆಸರು ಯುಸಿಎಚ್81, ಯುಸಿಎಲ್82, ಯುವೈ85 ಹೀಗೆ 'ಯು'ದಿಂದ ಶುರುವಾದರೆ ಅದು ಎಸಿ/ಡಿಸಿ ಸೆಟ್. ಅದರ ಚಾಸಿಗೆ ನೇರ ಮೇನ್ಸ್ ಬಂದಿರುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥ ಸೆಟ್ಟನ್ನು ಮುಟ್ಟಲೇಬೇಡಿ.

ಬಹಳ ವರ್ಷ ಮೂಲೆಯಲ್ಲಿ ಬಿದ್ದ ಸೆಟ್ಟನ್ನು ನಾವು ಸೀರೀಸ್ ಬಲ್ಬಿನಲ್ಲೇ, ಅಂದರೆ ಮೇನ್ಸ್ ತಂತಿಯ ನಡುವೆ ಒಂದು ಬಲ್ಬ್ ಸೇರಿಸಿಯೇ ಮೊದಲು ಹಾಕುವುದು. ಅದು ಸರಿಯಾದ ಪದ್ಧತಿ. ಆದರೆ ಬಲ್ಬ್ ಸೀರೀಸಿನಲ್ಲಿ ಇರುವಾಗ ಸೆಟ್ಟಿಗೆ ಪೂರ್ತಿ ವೋಲ್ಟೇಜ್ ಸಿಗುವುದಿಲ್ಲ. ಒಳ್ಳೇ ಆಸಿಲೇಟರ್ ಕೂಡ ಆಗ ನಿಂತಿರಬಹುದು. ಶಾರ್ಟ್ ಇಲ್ಲ ಅಂತ ಖಾತ್ರಿಯಾದ ಮೇಲೆ ಬಲ್ಬ್ ತೆಗೆದು, ಪೂರ್ತಿ ವೋಲ್ಟೇಜಿನಲ್ಲೇ ಆಸಿಲೇಟರಿನ ತೀರ್ಮಾನ ಮಾಡಿ.

ಮುಖ್ಯವಾದ ಅಳತೆ ಒಂದೇ. ಆಸಿಲೇಟರ್ ಗ್ರಿಡ್ಡಿನ (ವಾಲ್ವಿನೊಳಗೆ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಯ) ನೆಗೆಟಿವ್ ವೋಲ್ಟೇಜ್. ಎಷ್ಟೇ ದೊಡ್ಡ ಸೆಟ್ ಆಗಲಿ, ನಾನು ಇದನ್ನು ಬರೆದಿಟ್ಟುಕೊಳ್ಳದೆ ಬೆಸುಗೆ ಕಡ್ಡಿ ಬಿಸಿ ಮಾಡುವುದಿಲ್ಲ.

ನಮ್ಮಲ್ಲಿ ಸಿಗುವ ಐದು ವಾಲ್ವಿನ ಎಸಿ ಸೆಟ್‌ಗಳಲ್ಲಿ ಬಹಳಷ್ಟರಲ್ಲಿ ಈ ಕೆಲಸ ಇಸಿಎಚ್81ರದ್ದು. ಒಂದೇ ಗಾಜಿನೊಳಗೆ ಎರಡು ವಾಲ್ವ್ ಭಾಗ: ಆಸಿಲೇಟರಿಗೆ ಟ್ರಯೋಡ್, ಮಿಕ್ಸರಿಗೆ ಹೆಪ್ಟೋಡ್. ಒಂಬತ್ತು ಕಾಲು. ಕೆಳಗಿನಿಂದ ನೋಡಿ, ಖಾಲಿ ಜಾಗದಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. 4 ಮತ್ತು 5 ಹೀಟರ್, 3 ಕ್ಯಾಥೋಡ್, 8 ಟ್ರಯೋಡಿನ ಆನೋಡ್, 9 ಟ್ರಯೋಡಿನ ಗ್ರಿಡ್. ಹೆಪ್ಟೋಡಿನ ಮೂರನೇ ಗ್ರಿಡ್ ಆದ 7ನ್ನು ಸಾಮಾನ್ಯವಾಗಿ 9ಕ್ಕೆ ಜೋಡಿಸಿರುತ್ತಾರೆ. ಆ ಜೋಡಿಯಿಂದ ಚಾಸಿಗೆ ಅಥವಾ ಕ್ಯಾಥೋಡಿಗೆ 47ಕೆ ರೆಸಿಸ್ಟರ್ ಇರುತ್ತದೆ.

ಮೀಟರಿನ ಕಪ್ಪು ತಂತಿ ಚಾಸಿಗೆ. ಇನ್ನೊಂದು ತಂತಿಯ ತುದಿಗೆ 100ಕೆ ರೆಸಿಸ್ಟರ್ ಬೆಸೆದು, ಆ ರೆಸಿಸ್ಟರಿನ ಕಾಲನ್ನು 9ನೇ ಪಿನ್ನಿಗೆ ತಾಗಿಸಿ. ರೆಸಿಸ್ಟರ್ ಇಲ್ಲದೆ ಇಟ್ಟರೆ ಮೀಟರಿನ ಉದ್ದ ತಂತಿಯೇ ಕಂಡೆನ್ಸರ್ ಥರ ಆಗಿ ಆಸಿಲೇಟರನ್ನು ನಿಲ್ಲಿಸಿಬಿಡಬಹುದು. ಈಗಿನ ಡಿಜಿಟಲ್ ಮೀಟರಿಗೆ 10 ಮೆಗಾಓಮ್ ಇರುವುದರಿಂದ ಈ 100ಕೆಯಿಂದ ಓದಿನಲ್ಲಿ ಶೇಕಡಾ 1ರಷ್ಟು ಮಾತ್ರ ವ್ಯತ್ಯಾಸ.

ವಾಲ್ವ್ ತಯಾರಕರ ಹಾಳೆ ಪ್ರಕಾರ 47ಕೆಯಲ್ಲಿ 200 ಮೈಕ್ರೋಆಂಪ್ ಹರಿಯಬೇಕು. ಅಂದರೆ ಮೈನಸ್ 9.4 ವೋಲ್ಟ್. ನಿಜದ ಸೆಟ್‌ಗಳಲ್ಲಿ ಮೀಡಿಯಂ ವೇವ್‌ನಲ್ಲಿ ಮೈನಸ್ 7ರಿಂದ 12 ಬಂದರೆ ನನಗೆ ಸಮಾಧಾನ. ಶಾರ್ಟ್ ವೇವ್‌ನಲ್ಲಿ ಮೈನಸ್ 4ಕ್ಕೆ ಇಳಿದರೂ ಪರವಾಗಿಲ್ಲ. ನಿಂತ ಆಸಿಲೇಟರಿನಲ್ಲಿ ಸೊನ್ನೆಯೋ, ಅರ್ಧ ವೋಲ್ಟೋ ಬರುತ್ತದೆ. ಒಂದೇ ಕಡೆ ಓದಿ ಬಿಡಬೇಡಿ. ಎಲ್ಲ ಬ್ಯಾಂಡಿನಲ್ಲೂ, ಗ್ಯಾಂಗನ್ನು (ಮುಳ್ಳಿನ ಜೊತೆ ತಿರುಗುವ ತಗಡುಗಳ ಟ್ಯೂನಿಂಗ್ ಕಂಡೆನ್ಸರನ್ನು) ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ನಡುವೆ ನಿಧಾನಕ್ಕೆ ತಿರುಗಿಸುತ್ತಾ ಓದಿ. ಅಂಕಿ ಹೇಗೆ ಬದಲಾಗುತ್ತದೆ ಅನ್ನುವುದರಲ್ಲೇ ಉತ್ತರ ಇರುತ್ತದೆ.

ಎಲ್ಲ ಕಡೆ ಒಳ್ಳೇ ನೆಗೆಟಿವ್ ಇದ್ದೂ ಸ್ಟೇಷನ್ ಇಲ್ಲವಾದರೆ ಆಸಿಲೇಟರನ್ನು ಬಿಟ್ಟುಬಿಡಿ. ಏರಿಯಲ್ ಕಾಯಿಲ್, ಹೆಪ್ಟೋಡ್, ಐಎಫ್ ಕಡೆ ಹುಡುಕಿ. ಎಲ್ಲ ಬ್ಯಾಂಡಿನಲ್ಲೂ ಸೊನ್ನೆ ಇದ್ದರೆ ಎಲ್ಲಕ್ಕೂ ಸೇರಿದ ಭಾಗ ಕೆಟ್ಟಿದೆ: ವಾಲ್ವ್, ಸಾಕೆಟ್, ಆನೋಡ್ ರೆಸಿಸ್ಟರ್, ಗ್ರಿಡ್ ಕಂಡೆನ್ಸರ್, ಆನೋಡಿನ ಕಪ್ಲಿಂಗ್ ಕಂಡೆನ್ಸರ್, ಗ್ಯಾಂಗ್. ಒಂದೇ ಬ್ಯಾಂಡಿನಲ್ಲಿ ಸೊನ್ನೆ ಇದ್ದರೆ ಆ ಬ್ಯಾಂಡಿನ ಕಾಯಿಲ್, ಪ್ಯಾಡರ್, ಅಥವಾ ಬ್ಯಾಂಡ್ ಸ್ವಿಚ್ಚಿನ ಆ ಕಾಂಟ್ಯಾಕ್ಟ್. ಗ್ಯಾಂಗ್ ಮುಚ್ಚುತ್ತಾ ಹೋದ ಹಾಗೆ ಇಳಿದು ಇಳಿದು ನಿಂತುಹೋದರೆ, ಅದರಲ್ಲೂ ಶಾರ್ಟ್ ವೇವಿನ 49 ಮೀಟರ್ ಕಡೆ ಸತ್ತು 19 ಮೀಟರ್ ಕಡೆ ಬದುಕಿದ್ದರೆ, ವಾಲ್ವ್ ಸೋತಿರಬಹುದು, ಇಲ್ಲವೇ ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ, ಅಂದರೆ ವೋಲ್ಟೇಜ್ ಕಮ್ಮಿ ಸಿಗುತ್ತಿದೆ. ಗ್ಯಾಂಗ್ ಮುಚ್ಚಿದಾಗ ಆಸಿಲೇಟರಿಗೆ ಓಡುವುದು ಕಷ್ಟ, ಅದಕ್ಕೇ ದೌರ್ಬಲ್ಯ ಮೊದಲು ಅಲ್ಲಿ ಕಾಣುತ್ತದೆ.

ಇದರ ಜೊತೆ 8ನೇ ಪಿನ್ನಿನ ವೋಲ್ಟೇಜನ್ನೂ ಓದಿ. ಇಲ್ಲೂ ಅದೇ 100ಕೆ ಇರಲಿ. 250 ವೋಲ್ಟ್ ಎಚ್‌ಟಿಯಿಂದ (ಚಾಸಿಯ ಕೆಳಗಿನ ಆ ಡಿಸಿ ಸಪ್ಲೈಯಿಂದ) 33ಕೆ ರೆಸಿಸ್ಟರ್ ಮೂಲಕ ಬಂದಿದ್ದರೆ ಅಲ್ಲಿ 100ರ ಆಸುಪಾಸು ಇರಬೇಕು. 50ರ ಹತ್ತಿರಕ್ಕೆ ಇಳಿದಿದ್ದು ಗ್ರಿಡ್ ಸೊನ್ನೆ ಇದ್ದರೆ, ವಾಲ್ವ್ ಕರೆಂಟ್ ಎಳೆಯುತ್ತಿದೆ, ಆದರೆ ಕಂಪನ ಇಲ್ಲ. ಆಗ ವಾಲ್ವ್ ಬಹುಶಃ ಒಳ್ಳೆಯದೇ, ಕಾಯಿಲ್ ಕಡೆ ಹೋಗಿ. 8ರಲ್ಲಿ ಪೂರ್ತಿ 250 ಇದ್ದರೆ ಟ್ರಯೋಡ್ ಕರೆಂಟೇ ಎಳೆಯುತ್ತಿಲ್ಲ. ಆಗ ವಾಲ್ವ್ ಸತ್ತಿರಬೇಕು ಅಥವಾ ಸಾಕೆಟ್ ಕಾಲು ತಾಗುತ್ತಿಲ್ಲ. ಸೊನ್ನೆ ಇದ್ದರೆ ಆ 33ಕೆ ಓಪನ್ ಆಗಿದೆ (ಒಳಗೆ ಕಡಿದುಹೋಗಿದೆ), ಇಲ್ಲವೇ ಅಲ್ಲಿಂದ ಚಾಸಿಗೆ ಏನೋ ಶಾರ್ಟ್ ಆಗಿದೆ.

ತೀರ್ಥಹಳ್ಳಿ ಕಡೆಯ ಒಬ್ಬರು ಮೂರು ಬ್ಯಾಂಡಿನ ಸೆಟ್ ತಂದಿದ್ದರು. "ಮಾರಾಯ್ರೇ, ಹೊಸ ವಾಲ್ವ್ ಹಾಕಿಸಿ ಆಯ್ತು, ಆದ್ರೂ ಮೀಡಿಯಂ ಬರೋದಿಲ್ಲ. ನೀವೇ ಏನಾದ್ರೂ ಮಾಡಿ" ಅಂದರು. ಶಾರ್ಟ್ ವೇವ್ ಎರಡೂ ಬ್ಯಾಂಡಿನಲ್ಲಿ ಗ್ರಿಡ್ ವೋಲ್ಟೇಜ್ ಚೆನ್ನಾಗಿತ್ತು. ಮೀಡಿಯಂನಲ್ಲಿ ಸೊನ್ನೆ. 8ನೇ ಪಿನ್ 48 ವೋಲ್ಟ್. ಇಷ್ಟು ನೋಡಿದರೆ ವಾಲ್ವಿಗೆ ಖರ್ಚು ಮಾಡುವ ಅಗತ್ಯವೇ ಇರಲಿಲ್ಲ ಅಂತ ಗೊತ್ತಾಗುತ್ತದೆ. ಬ್ಯಾಂಡ್ ಸ್ವಿಚ್ ಕ್ಲೀನ್ ಮಾಡಿದೆ, ಫಲ ಇಲ್ಲ. ಪವರ್ ತೆಗೆದು ಕಾಯಿಲ್ ಅಳೆದೆ. ಟ್ಯೂನಿಂಗ್ ಸುತ್ತು ಕೆಲವೇ ಓಮ್ ತೋರಿಸಿತು, ಸರಿ ಇತ್ತು. ಪಕ್ಕದ ರಿಯಾಕ್ಷನ್ ಸುತ್ತು, ಅಂದರೆ ಕಂಪನ ನಿಲ್ಲದಂತೆ ಸಿಗ್ನಲನ್ನು ಹಿಂದಕ್ಕೆ ಕೊಡುವ ಸುತ್ತು, ಓಪನ್.

ಭೂತಗನ್ನಡಿ ಹಿಡಿದು ನೋಡಿದರೆ ಟ್ಯಾಗಿನ ಬುಡದಲ್ಲಿ ತಂತಿ ಹಸಿರಾಗಿತ್ತು. ಥಂಡಿಯ ಜಾಗದಲ್ಲಿ ಇದು ತೀರಾ ಸಾಮಾನ್ಯ. ಮೊದಲ ದಿನ ಬೆಸೆದಾಗ ಉಳಿದ ಫ್ಲಕ್ಸ್ ತೇವಕ್ಕೆ ಸಿಕ್ಕಿ, ಕೂದಲಿನಷ್ಟು ತೆಳ್ಳಗಿನ ತಾಮ್ರವನ್ನು ತಿಂದುಹಾಕುತ್ತದೆ. ತಂತಿ ಅಲ್ಲೇ ಇದ್ದಂತೆ ಕಾಣುತ್ತದೆ, ಒಳಗೆ ಪುಡಿಯಾಗಿರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ.

ಇಂಥ ಕಡೆ ಆತುರ ಬೇಡ. ವಾಲ್ವ್ ಇನ್ನೊಂದು ಸಿಗುತ್ತದೆ, ಆ ಸೆಟ್ಟಿನ ಕಾಯಿಲ್ ಸಿಗುವುದಿಲ್ಲ. ಕಾಯಿಲ್ ಮೇಲಿನ ಮೇಣವನ್ನು ಹೇರ್ ಡ್ರೈಯರಿನಲ್ಲಿ ಮೆತ್ತಗೆ ಮಾಡಿ, ಬೆಸುಗೆ ಕಡ್ಡಿ ತಾಗಿಸಬೇಡಿ. ತುದಿಯಿಂದ ಅರ್ಧ ಸುತ್ತು ಅಥವಾ ಒಂದು ಸುತ್ತು ಬಿಚ್ಚಿದರೆ ಒಳ್ಳೇ ತಾಮ್ರ ಸಿಗುತ್ತದೆ. ನಯವಾದ ಮರಳು ಕಾಗದವನ್ನು ಮಡಿಸಿ, ತಂತಿಯನ್ನು ಅದರೊಳಗೆ ಇಟ್ಟು ಮೆಲ್ಲಗೆ ಎಳೆದರೆ ಎನಾಮಲ್ ಹೋಗುತ್ತದೆ. ಬ್ಲೇಡ್ ಬೇಡ, ಗೀರು ಬಿದ್ದಲ್ಲೇ ಮತ್ತೆ ತುಂಡಾಗುತ್ತದೆ. ಅಲ್ಲಿಗೆ ಸ್ವಲ್ಪ ದಪ್ಪದ ಎಳೆ ತಂತಿ ಬೆಸೆದು ಟ್ಯಾಗಿಗೆ ಒಯ್ಯಿರಿ. ರಿಯಾಕ್ಷನ್ ಸುತ್ತಿನಲ್ಲಿ ಒಂದು ಸುತ್ತು ಕಮ್ಮಿಯಾದರೆ ಏನೂ ತೊಂದರೆ ಇಲ್ಲ. ಟ್ಯೂನಿಂಗ್ ಸುತ್ತಿನಲ್ಲಿ ಕಮ್ಮಿಯಾದರೆ ಕೊನೆಗೆ ಡಯಲ್ ಸರಿಮಾಡಿಕೊಳ್ಳಬೇಕು.

ಒಳಗೆ ಎಲ್ಲೋ ತುಂಡಾಗಿದ್ದರೆ ರಿಯಾಕ್ಷನ್ ಸುತ್ತನ್ನು ಪೂರ್ತಿ ಬಿಚ್ಚಿ, ಎಣಿಸುತ್ತಾ ಬಿಚ್ಚಿ, ಅಷ್ಟೇ ದಪ್ಪದ ತಂತಿಯಲ್ಲಿ ಮತ್ತೆ ಸುತ್ತಬಹುದು. ಬಿಚ್ಚುವ ಮೊದಲು ಯಾವ ದಿಕ್ಕಿಗೆ ಸುತ್ತಿದೆ ಅಂತ ಚಿತ್ರ ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ದಿಕ್ಕು ಉಲ್ಟಾ ಆದರೆ ಆಸಿಲೇಟರ್ ಓಡುವುದೇ ಇಲ್ಲ. ಹಾಗಾದಾಗ ಆ ಸುತ್ತಿನ ಎರಡು ತುದಿಗಳನ್ನು ಅದಲುಬದಲು ಮಾಡಿ ನೋಡಿ. ಕೆಲಸ ಮುಗಿದ ಮೇಲೆ ಫ್ಲಕ್ಸನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಕಾಯಿಲನ್ನು ಬಿಸಿಲಿನಲ್ಲೋ ಬಲ್ಬಿನ ಹತ್ತಿರವೋ ಚೆನ್ನಾಗಿ ಒಣಗಿಸಿ, ಜೇನುಮೇಣ ಕರಗಿಸಿ ತೆಳ್ಳಗೆ ಸವರಿ. ನಮ್ಮ ಕಡೆ ಒಳ್ಳೇ ಜೇನುಮೇಣಕ್ಕೆ ಬರ ಇಲ್ಲ ಅಲ್ವಾ. ಆ ತೀರ್ಥಹಳ್ಳಿಯ ಸೆಟ್ ಈಗಲೂ ಭದ್ರಾವತಿ ಹಾಡುತ್ತಿದೆ.

ಉಳಿದ ಭಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಆನೋಡಿನ 33ಕೆ ಹಳೇ ಕಾರ್ಬನ್ ರೆಸಿಸ್ಟರ್ ಆದರೆ ವರ್ಷ ಕಳೆದಂತೆ ಅದರ ಓಮ್ ಅಳತೆ ಏರುತ್ತದೆ. ಒಂದು ಕಾಲು ಎತ್ತಿ ಅಳೆಯಿರಿ, 40ಕೆ ದಾಟಿದ್ದರೆ ಬದಲಾಯಿಸಿ. ಅದರಲ್ಲಿ ಮುಕ್ಕಾಲು ವ್ಯಾಟಿನ ಹತ್ತಿರ ಬಿಸಿ ಹುಟ್ಟುತ್ತದೆ, ಆದ್ದರಿಂದ 2 ವ್ಯಾಟಿನದು ಹಾಕಿ. ಗ್ರಿಡ್ಡಿನ 47 ಪಿಎಫ್ (ಪಿಕೋಫ್ಯಾರಡ್) ಕಂಡೆನ್ಸರ್ ಒಡೆದಿದ್ದರೆ ಬಿಸಿಗೆ ಅಳತೆ ಬದಲಾಗದ ಎನ್‌ಪಿ0 ಸಿರಾಮಿಕ್ ಹಾಕಿ. ಗ್ರಿಡ್ಡಿನ 47ಕೆ ಲೀಕ್ ರೆಸಿಸ್ಟರ್ ಓಪನ್ ಆದರೆ ಅಥವಾ ಅದರ ಅಳತೆ ಬಹಳ ಏರಿದರೆ ಆಸಿಲೇಟರ್ ಬಿಟ್ಟು ಬಿಟ್ಟು ಓಡುತ್ತದೆ. ಸ್ಪೀಕರಿನಲ್ಲಿ ಪಟಪಟ ಸದ್ದು, ಇಲ್ಲವೇ ಒರಟಾದ ಸಿಳ್ಳೆ ಬರುತ್ತದೆ. ಇವೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಾಮಾನು.

ಪ್ಯಾಡರ್ ಅಂದರೆ ಮೀಡಿಯಂ ವೇವ್ ಆಸಿಲೇಟರಿಗೆ ಸೀರೀಸಿನಲ್ಲಿ ಬರುವ ಕಂಡೆನ್ಸರ್, ಸಾಮಾನ್ಯವಾಗಿ 500 ಪಿಎಫ್ ಆಸುಪಾಸಿನದು. ಅದರ ಅಳತೆ ಬದಲಾದರೆ ಡಯಲಿನ 600 ಕಡೆಯ ಸ್ಟೇಷನ್‌ಗಳು ಜಾಗ ಬಿಟ್ಟು ಹೋಗುತ್ತವೆ, ಓಪನ್ ಆದರೆ ಬ್ಯಾಂಡೇ ಸಾಯುತ್ತದೆ. ಇಲ್ಲಿ ಮಾಮೂಲಿ ಡಿಸ್ಕ್ ಸಿರಾಮಿಕ್ ಹಾಕಬೇಡಿ, ಬಿಸಿಗೆ ಅಳತೆ ಓಡಾಡುತ್ತದೆ. ಸಿಲ್ವರ್ ಮೈಕಾ ಅಥವಾ ಪಾಲಿಸ್ಟೈರೀನ್ ಹಾಕಿ. ಹಳೇ ಸಿಲ್ವರ್ ಮೈಕಾ ಕೂಡ ಒಳಗೇ ಕೆಡುತ್ತದೆ. ಸ್ಟೇಷನ್ ಕೇಳುತ್ತಿರುವಾಗ ಚಟ್ ಅಂತ ಸದ್ದಾಗಿ ಸ್ವಲ್ಪ ಪಕ್ಕಕ್ಕೆ ಹಾರಿದರೆ ನಾನು ಮೊದಲು ಅದನ್ನೇ ತೆಗೆಯುವುದು.

ಬ್ಯಾಂಡ್ ಸ್ವಿಚ್ಚಿಗೆ ಸೀಮೆಎಣ್ಣೆ, ಕೊಬ್ಬರಿಎಣ್ಣೆ ಯಾವುದನ್ನೂ ಬಿಡಬೇಡಿ. ಕಾಂಟ್ಯಾಕ್ಟುಗಳನ್ನು ಕೂರಿಸಿದ ಬಿಲ್ಲೆ ಎಣ್ಣೆ ಕುಡಿದರೆ ಧೂಳು ಹಿಡಿದು ಲೀಕ್ ಆಗುತ್ತದೆ. ಕಾಂಟ್ಯಾಕ್ಟ್ ಕ್ಲೀನರನ್ನು ಸಣ್ಣ ಬ್ರಷ್ಷಿಗೆ ಹಾಕಿ, ಬೆಳ್ಳಿಯ ಕಾಂಟ್ಯಾಕ್ಟುಗಳಿಗೆ ಮಾತ್ರ ಸವರಿ, ಸ್ವಿಚ್ಚನ್ನು ಹತ್ತಿಪ್ಪತ್ತು ಸಲ ತಿರುಗಿಸಿ.

ಮುಳ್ಳು ಒಂದು ಜಾಗಕ್ಕೆ ಬಂದಾಗ ಕರಕರ ಅಂದು ಸ್ಟೇಷನ್ ಸತ್ತರೆ ಗ್ಯಾಂಗಿನ ತಗಡುಗಳು ತಾಗುತ್ತಿವೆ. ಸ್ಟೇಟರಿನ (ತಿರುಗದೆ ನಿಂತಿರುವ ತಗಡುಗಳ) ತಂತಿ ಬಿಚ್ಚಿ, ಮೀಟರ್ ಇಟ್ಟು ತಿರುಗಿಸಿದರೆ ಎಲ್ಲಿ ಅಂತ ತಿಳಿಯುತ್ತದೆ. ಲಗ್ನಪತ್ರಿಕೆಯ ದಪ್ಪ ಕಾಗದದ ಪಟ್ಟಿಯನ್ನು ತಗಡುಗಳ ನಡುವೆ ಆಡಿಸಿ ಧೂಳು ತೆಗೆಯಿರಿ. ಬಾಗಿದ್ದರೆ ಅದೇ ಕಾಗದದ ಆಸರೆಯಲ್ಲಿ ಮೆಲ್ಲಗೆ ನೇರ ಮಾಡಿ. ಗ್ಯಾಂಗಿನ ಅಕ್ಷವನ್ನು ಚಾಸಿಗೆ ಜೋಡಿಸುವ ಸ್ಪ್ರಿಂಗ್ ಪಟ್ಟಿಯನ್ನೂ ಒರೆಸಿ, ಅದನ್ನು ಬಹಳ ಜನ ಮರೆಯುತ್ತಾರೆ.

ವೋಲ್ಟೇಜ್ ವಿಷಯ ನಮ್ಮ ಊರುಗಳಲ್ಲಿ ಬೇರೆಯೇ ಕಥೆ. ಹಿಂದೆ ಸಂಜೆ ಹೊತ್ತು ಕರೆಂಟ್ ಬಹಳ ಇಳಿಯುತ್ತಿತ್ತು. ಹೀಟರಿಗೆ 5 ವೋಲ್ಟ್ ಕೂಡ ಸಿಗದಿದ್ದರೆ ಶಾರ್ಟ್ ವೇವ್ ಆಸಿಲೇಟರ್ ನಿಲ್ಲುತ್ತದೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಸೆಟ್ಟಿನ ಹಿಂದಿನ ವೋಲ್ಟೇಜ್ ಟ್ಯಾಪನ್ನು 200ಕ್ಕೆ ಇಳಿಸಿಕೊಂಡಿದ್ದರು. ಈಗ ಅದೇ ಮನೆಯಲ್ಲಿ 240 ಬರುತ್ತಿದ್ದರೆ ಹೀಟರಿಗೆ ಏಳೂವರೆ ವೋಲ್ಟ್ ಹೋಗುತ್ತದೆ, ವಾಲ್ವ್ ಬೇಗ ಸವೆಯುತ್ತದೆ. 4 ಮತ್ತು 5ನೇ ಪಿನ್‌ಗಳ ನಡುವೆ ಎಸಿ ಅಳೆದು 6.3 ವೋಲ್ಟಿನ ಆಸುಪಾಸು ಬರುವ ಹಾಗೆ ಟ್ಯಾಪ್ ಇಡಿ. ಕರೆಂಟಿಲ್ಲದ ಊರುಗಳಲ್ಲಿದ್ದ ಬ್ಯಾಟರಿ ಸೆಟ್‌ಗಳಲ್ಲಿ ಈ ಕೆಲಸಕ್ಕೆ ಡಿಕೆ96 ವಾಲ್ವ್ ಇರುತ್ತದೆ. ಅದರ ಫಿಲಮೆಂಟ್ 1.4 ವೋಲ್ಟಿನದು. ಸೆಲ್ ಇಳಿದಾಗ ಅಂಥ ಸೆಟ್ಟಿನಲ್ಲಿ ಮೊದಲು ನಿಲ್ಲುವುದೇ ಆಸಿಲೇಟರ್. ಹೊಸ ಸೆಲ್ ಹಾಕದೆ ಏನನ್ನೂ ಬಿಚ್ಚಬೇಡಿ.

ಇಷ್ಟೆಲ್ಲ ಸರಿ ಇದ್ದು, ಹೀಟರ್, ಎಚ್‌ಟಿ, ರೆಸಿಸ್ಟರ್ ಎಲ್ಲ ನೋಡಿ ಆದ ಮೇಲೂ ಗ್ರಿಡ್ ವೋಲ್ಟೇಜ್ ಇಳಿದೇ ಇದ್ದರೆ ಆಗ ವಾಲ್ವ್ ಬದಲಾಯಿಸಿ. ಅದಕ್ಕೂ ಮೊದಲು ಹಳೇ ವಾಲ್ವಿನ ಕಾಲುಗಳನ್ನು ಒರೆಸಿ ಒಮ್ಮೆ ಹಾಕಿ ನೋಡಿ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸಿತ್ತು. ಆ ಬಿಇಎಲ್ ಗುರುತಿನ ಇಸಿಎಚ್81 ಇಂದಿಗೂ ಹಳೇ ಅಂಗಡಿಗಳ ಡಬ್ಬಿಗಳಲ್ಲಿ ಸಿಗುತ್ತವೆ. ಸಿಕ್ಕಿದರೆ ನಾನು ಅದನ್ನೇ ಹಾಕುತ್ತೇನೆ, ನಮ್ಮ ನಾಡಿನಲ್ಲಿ ಮಾಡಿದ ವಾಲ್ವ್ ಅನ್ನುವ ಪ್ರೀತಿ. ಅಮೆರಿಕದ 6ಎಜೆ8, ರಷ್ಯಾದ 6ಐ1ಪಿ ಕೂಡ ಅದೇ ಜಾಗಕ್ಕೆ ಕೂರುತ್ತವೆ. ಇಸಿಎಚ್83 ನೋಡಲು ಹಾಗೇ ಇದ್ದರೂ ಬೇಡ, ಅದು ಕಾರ್ ರೇಡಿಯೋದ ಕಡಿಮೆ ವೋಲ್ಟೇಜಿಗೆ ಮಾಡಿದ್ದು.

ಸ್ಟೇಷನ್ ಬಂದ ಮೇಲೆ ಮಾತ್ರ ಡಯಲ್ ಸರಿಮಾಡುವ ಕೆಲಸ. ಸೆಟ್ ಅರ್ಧ ಗಂಟೆ ಬಿಸಿಯಾಗಲಿ. ಮುಳ್ಳನ್ನು 675ಕ್ಕೆ ಇಟ್ಟು, ಮೀಡಿಯಂ ವೇವ್ ಆಸಿಲೇಟರ್ ಕಾಯಿಲಿನ ಕೋರ್ ತಿರುಗಿಸಿ ಭದ್ರಾವತಿಯನ್ನು ಅಲ್ಲಿಗೆ ತನ್ನಿ. ಕೋರ್ ಇಲ್ಲದ ಸೆಟ್ಟಿನಲ್ಲಿ ಪ್ಯಾಡರಿನ ಸ್ಕ್ರೂ ಇರುತ್ತದೆ. ಮೇಲಿನ ತುದಿಗೆ ರಾತ್ರಿ ಹೊತ್ತು ಮಂಗಳೂರಿನ 1089 ಅಥವಾ ಕಲಬುರಗಿಯ 1107 ಸಿಕ್ಕರೆ ಅವುಗಳಲ್ಲಿ ಟ್ರಿಮ್ಮರ್ ಹೊಂದಿಸಿ. ಸಿಗದಿದ್ದರೆ ಮುಳ್ಳನ್ನು 1150ಕ್ಕೆ ಇಟ್ಟು, ಪಕ್ಕದ ಡಿಜಿಟಲ್ ಟ್ರಾನ್ಸಿಸ್ಟರನ್ನು 1605ಕ್ಕೆ ಇಟ್ಟು, ಅದರ ಸುಸ್ ಗಪ್ ಆಗುವ ತನಕ ವಾಲ್ವ್ ಸೆಟ್ಟಿನ ಟ್ರಿಮ್ಮರ್ ತಿರುಗಿಸಿ. ಒಂದು ತುದಿ ಸರಿಮಾಡಿದರೆ ಇನ್ನೊಂದು ತುದಿ ಸ್ವಲ್ಪ ಸರಿಯುತ್ತದೆ. ಎರಡೂ ನಿಲ್ಲುವ ತನಕ ಆ ತುದಿ ಈ ತುದಿ ಮತ್ತೆ ಮತ್ತೆ ಮಾಡಿ. ಪ್ಲಾಸ್ಟಿಕ್ ಅಥವಾ ಬಿದಿರಿನ ಕಡ್ಡಿಯನ್ನೇ ಕೆತ್ತಿ ಬಳಸಿ, ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೆ ಅಳತೆಯೇ ಬದಲಾಗುತ್ತದೆ.

ಕೊನೆಗೆ ಗ್ರಿಡ್ ವೋಲ್ಟೇಜನ್ನು ಮತ್ತೊಮ್ಮೆ ಎಲ್ಲ ಬ್ಯಾಂಡಿನಲ್ಲಿ ಓದಿ, ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ. ಮುಂದೆ ಯಾರೇ ಆ ಸೆಟ್ ಬಿಚ್ಚಲಿ, ಅವರು ಅಲ್ಲಿಂದ ಶುರು ಮಾಡಬಹುದು.